‘ಡಬ್ಲ್ಯು 57 10’: ಅಳಿಸಿಹೋದ ಒಂದಕ್ಷರ ಮತ್ತು ಹಳೆಯ ಗೇರ್ ಹಬ್‌ಗೆ ಬಿಡಿಭಾಗ

ಪ್ರಶ್ನೆ: ಹಳೆಯ ಇಂಗ್ಲಿಷ್ ಸೈಕಲ್ಲೊಂದನ್ನು ಓಡುವ ಸ್ಥಿತಿಗೆ ತರುತ್ತಿದ್ದೇನೆ. ಗೇರು ಹಿಂದಿನ ಚಕ್ರದ ಹಬ್ ಒಳಗೇ ಇದೆ. ಮೂರು ಗೇರು ಎಂದು ಕೊಟ್ಟವರು ಹೇಳಿದರು, ಆದರೆ ಹ್ಯಾಂಡಲ್ ಮೇಲಿನ ಲಿವರ್ ಕಳೆದುಹೋಗಿದೆ. ಹಬ್ ಮೇಲೆ ‘ಸ್ಟರ್ಮಿ-ಆರ್ಚರ್’ ಎಂದು ಓದಬಹುದು. ಅದರ ಪಕ್ಕದ ಮಾದರಿ ಅಕ್ಷರಗಳಲ್ಲಿ ಮೊದಲನೆಯದು ತುಕ್ಕು ತಿಂದು ಅಳಿಸಿದೆ, ‘ಡಬ್ಲ್ಯು’ ಮಾತ್ರ ಉಳಿದಿದೆ. ಆಮೇಲೆ 57, 10 ಎಂಬ ಅಂಕೆಗಳಿವೆ. ಚಕ್ರದಲ್ಲಿ 40 ಕಡ್ಡಿಗಳು. ಆಕ್ಸಲ್ ಒಳಕ್ಕೆ ಹೋಗುವ ಸಣ್ಣ ಚೈನು ಒಳಗೇ ತುಂಡಾಗಿದೆ. ಸೈಕಲ್ ಒಂದೇ ಗೇರಿನಲ್ಲಿ ಓಡುತ್ತದೆ, ಅದೂ ಜೋರಾಗಿ ತುಳಿದಾಗ ಜಾರುತ್ತದೆ. ಯಾವ ಬಿಡಿಭಾಗ ತರಿಸಬೇಕು? ಎಲ್ಲ ಸ್ಟರ್ಮಿ ಭಾಗಗಳೂ ಒಂದಕ್ಕೊಂದು ಹೊಂದುತ್ತವೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ, ಹೊಂದುವುದಿಲ್ಲ. ನಿಮ್ಮ ಹಬ್‌ನ ವಿಷಯದಲ್ಲಂತೂ ಅಳಿಸಿಹೋದ ಆ ಒಂದಕ್ಷರದ ಮೇಲೆಯೇ ಎಲ್ಲ ನಿಂತಿದೆ. ಅದು ಗೊತ್ತಾಗುವವರೆಗೆ ಏನನ್ನೂ ಕೊಳ್ಳಬೇಡಿ.

ಅಂಕೆಗಳ ಅರ್ಥ ಸುಲಭ. ನಾಟಿಂಗ್‌ಹ್ಯಾಮ್‌ನ ಈ ಕಂಪನಿ ಹಬ್‌ನ ಹೊರಚಿಪ್ಪಿನ ಮೇಲೆ ತಯಾರಿಕೆಯ ವರ್ಷ ಮತ್ತು ತಿಂಗಳನ್ನು ಒತ್ತುತ್ತಿತ್ತು. 57 ಎಂದರೆ 1957, 10 ಎಂದರೆ ಅಕ್ಟೋಬರ್. (ಯುದ್ಧಕ್ಕೆ ಮುಂಚಿನ ಹಬ್‌ಗಳಲ್ಲಿ ವರ್ಷಕ್ಕೆ ಒಂದೇ ಅಂಕೆ ಇರುವುದುಂಟು, 8 ಎಂದರೆ 1938.) ತೊಡಕಿರುವುದು ಈ ವರ್ಷದಲ್ಲೇ. ಆಗ ‘ಡಬ್ಲ್ಯು’ದಿಂದ ಕೊನೆಯಾಗುವ, ಎರಡೇ ಅಕ್ಷರದ ಮೂರು ಮಾದರಿಗಳು ಒಟ್ಟೊಟ್ಟಿಗೆ ತಯಾರಾಗುತ್ತಿದ್ದವು. ಎ.ಡಬ್ಲ್ಯು. ಮೂರು ಗೇರಿನದು, 1936ರಲ್ಲಿ ಬಂದು ದಶಕಗಟ್ಟಲೆ ಹೆಚ್ಚು ಬದಲಾಗದೆ ನಡೆದದ್ದು. ಎಸ್.ಡಬ್ಲ್ಯು. ಕೂಡ ಮೂರು ಗೇರಿನದೇ, ಆದರೆ ಒಳಗಿನ ವಿನ್ಯಾಸ ಪೂರ್ತಿ ಬೇರೆ. 1955ರ ಸುಮಾರಿಗೆ ಬಂದು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಎಫ್.ಡಬ್ಲ್ಯು. ನಾಲ್ಕು ಗೇರಿನದು. ಲಿವರ್ ಇಲ್ಲದಿರುವಾಗ ‘ಮೂರು ಗೇರು’ ಎಂಬ ಬಾಯಿಮಾತನ್ನು ನಂಬಿ ಎಫ್.ಡಬ್ಲ್ಯು. ಅನ್ನು ಪಟ್ಟಿಯಿಂದ ತೆಗೆಯುವ ಹಾಗಿಲ್ಲ.

ಇನ್ನೊಂದು ಎಚ್ಚರಿಕೆ ಈಗಲೇ ಹೇಳಿಬಿಡಬೇಕು. ಚಿಪ್ಪಿನ ಮೇಲಿನ ಬರಹ ಚಿಪ್ಪಿನ ಬಗ್ಗೆ ಮಾತ್ರ ಸಾಕ್ಷಿ ಹೇಳುತ್ತದೆ, ಒಳಗಿರುವುದರ ಬಗ್ಗೆ ಅಲ್ಲ. ಎ.ಡಬ್ಲ್ಯು. ಚಿಪ್ಪಿನೊಳಗೆ ಎಫ್.ಡಬ್ಲ್ಯು. ಯಂತ್ರಭಾಗ ಕೂರುತ್ತದೆ, 1966ರಲ್ಲಿ ಬಂದ ಎಸ್5 ಎಂಬ ಐದು ಗೇರಿನದೂ ಕೂರುತ್ತದೆ. ಚಕ್ರದ ಕಡ್ಡಿ ಬಿಚ್ಚದೆ ಗೇರು ಹೆಚ್ಚಿಸಿಕೊಳ್ಳಲು ಹೀಗೆ ಅದಲುಬದಲು ಮಾಡುವುದು ಹಳೆಯ ರೂಢಿ. ಒಂದು ಎ.ಡಬ್ಲ್ಯು. ಕೆಟ್ಟಾಗ ಬೇರೆ ವರ್ಷದ ಎ.ಡಬ್ಲ್ಯು. ಒಳಭಾಗವನ್ನು ಹಾಗೇ ಎತ್ತಿ ಇಟ್ಟಿರುವುದಂತೂ ಸರ್ವೇಸಾಮಾನ್ಯ. ಆದ್ದರಿಂದ ಅಕ್ಷರ ಸ್ಪಷ್ಟವಾಗಿ ಓದಲು ಸಿಕ್ಕರೂ ಕೆಳಗೆ ಹೇಳುವ ಎಣಿಕೆಯನ್ನು ಮಾಡಿಯೇ ಮುಂದುವರಿಯಿರಿ.

ಮೊದಲು ಅಕ್ಷರವನ್ನು ಓದಲು ಪ್ರಯತ್ನಿಸಿ

ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಚಿಪ್ಪಿಗೆ ಅರ್ಧ ಗಂಟೆ ಸುತ್ತಿಡಿ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದಲೋ ಮೆತ್ತನೆಯ ಹಿತ್ತಾಳೆ ಬ್ರಷ್‌ನಿಂದಲೋ ಉಜ್ಜಿ. ಮರಳುಕಾಗದ ಮುಟ್ಟಬೇಡಿ. ಅಚ್ಚು ಮೊದಲೇ ಆಳವಿಲ್ಲ, ಉಳಿದದ್ದೂ ಹೋಗುತ್ತದೆ. ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡವಾಗಿ ತಿಕ್ಕಿ, ಮೇಲಿನದನ್ನು ಬೆರಳಿನಿಂದ ಒರೆಸಿದರೆ ತಗ್ಗಿನಲ್ಲಿ ಬಿಳಿ ಉಳಿಯುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಚಿಪ್ಪಿಗೆ ಹೆಚ್ಚುಕಡಿಮೆ ತಾಗುವಂತೆ ಓರೆಯಾಗಿ ಹಿಡಿದು ನೋಡಿ. ಅಕ್ಷರ ಪೂರ್ತಿ ಕಾಣಬೇಕೆಂದಿಲ್ಲ. ಕೆಳಗಡೆ ಎರಡು ಓರೆ ಕಾಲು ಕಂಡರೆ ಎ, ಎಡಕ್ಕೆ ಒಂದೇ ನೆಟ್ಟನೆಯ ಗೆರೆ ಕಂಡರೆ ಎಫ್, ಎಲ್ಲಿ ನೋಡಿದರೂ ಬಾಗಿದ ಗೆರೆಯೇ ಆದರೆ ಎಸ್.

ಬಿಚ್ಚದೆ ಮಾಡುವ ಎಣಿಕೆ

ಚೈನು ತುಂಡಾಗಿರುವುದು ಇಲ್ಲಿ ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಈ ಹಬ್‌ಗಳಲ್ಲಿ ಕೇಬಲ್ ಎಳೆದಷ್ಟೂ ಗೇರು ಇಳಿಯುತ್ತದೆ. ಎಳೆಯುವವರು ಯಾರೂ ಇಲ್ಲದಾಗ ಒಳಗಿನ ಸ್ಪ್ರಿಂಗ್, ಗೇರು ಬದಲಿಸಲು ಅತ್ತಿತ್ತ ಸರಿಯುವ ಕ್ಲಚ್ ಎಂಬ ತುಂಡನ್ನು ತಳ್ಳಿ ಎಲ್ಲಕ್ಕಿಂತ ಮೇಲಿನ ಗೇರಿಗೆ ಸೇರಿಸಿಡುತ್ತದೆ. ಅಂದರೆ ನಿಮ್ಮ ಸೈಕಲ್ ಈಗ ಓಡುತ್ತಿರುವುದು ತುದಿ ಗೇರಿನಲ್ಲಿ. ಆ ಗೇರಿನ ಅನುಪಾತ (ಸ್ಪ್ರಾಕೆಟ್‌ನ ಒಂದು ಸುತ್ತಿಗೆ ಚಕ್ರ ಎಷ್ಟು ಸುತ್ತುತ್ತದೆ ಎಂಬುದು) ಪ್ರತಿ ಮಾದರಿಗೂ ಬೇರೆ, ಅದನ್ನು ಕೈಯಲ್ಲೇ ಅಳೆಯಬಹುದು.

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ದೊಡ್ಡ ಚೈನನ್ನು ಹಿಂದಿನ ಸ್ಪ್ರಾಕೆಟ್‌ನಿಂದ ಇಳಿಸಿ. ಸ್ಪ್ರಾಕೆಟ್‌ನ ಒಂದು ಹಲ್ಲಿಗೂ ಅದರ ಎದುರಿನ ಫ್ರೇಮಿಗೂ ಗುರುತು ಹಾಕಿ. ಟೈರಿನ ಮೇಲೆ ವಾಲ್ವ್ ಎದುರಿಗೆ ಇನ್ನೊಂದು ಗುರುತು ಹಾಕಿ, ಅದರ ಎದುರಿಗೆ ಫ್ರೇಮಿನ ಮೇಲೊಂದು. ಸ್ಪ್ರಾಕೆಟ್ಟನ್ನು ಮುಂದಕ್ಕೆ ಸ್ವಲ್ಪ ತಿರುಗಿಸಿ ಒಳಗಿನ ಸಡಿಲ ತೀರಿದ ಮೇಲೆಯೇ ಎಣಿಕೆ ಶುರುಮಾಡಿ. ಒಂದು ಕೈಯಿಂದ ಸ್ಪ್ರಾಕೆಟ್ಟನ್ನು ನಿಧಾನವಾಗಿ ಸರಿಯಾಗಿ 10 ಸುತ್ತು ತಿರುಗಿಸಿ. ಇನ್ನೊಂದು ಅಂಗೈ ಟೈರನ್ನು ಸವರುತ್ತಲೇ ಇರಲಿ, ಇಲ್ಲದಿದ್ದರೆ ಚಕ್ರ ಫ್ರೀವೀಲ್ ಆಗಿ ತಾನೇ ಮುಂದೋಡಿ ಲೆಕ್ಕ ಕೆಡುತ್ತದೆ. ಈ ಪರೀಕ್ಷೆ ತಪ್ಪುವುದು ಹೆಚ್ಚಾಗಿ ಇಲ್ಲೇ.

ಎ.ಡಬ್ಲ್ಯು. ಆದರೆ ಚಕ್ರ 13 ಸುತ್ತು ಮುಗಿಸಿ ಮೇಲೆ ಮೂರನೇ ಒಂದು ಸುತ್ತು ಹೋಗಿರುತ್ತದೆ. 40 ಕಡ್ಡಿಯ ಚಕ್ರದಲ್ಲಿ ಅದು 13 ಕಡ್ಡಿಗಿಂತ ತುಸು ಹೆಚ್ಚು. ಎಸ್.ಡಬ್ಲ್ಯು. ಆದರೆ 13 ಸುತ್ತು ಮತ್ತು ಸುಮಾರು 33 ಕಡ್ಡಿ, ಅಂದರೆ 14ನೇ ಸುತ್ತಿಗೆ ಆರೇಳು ಕಡ್ಡಿ ಬಾಕಿ. ಎಫ್.ಡಬ್ಲ್ಯು. ಆದರೆ 12 ಸುತ್ತು ಮತ್ತು 26–27 ಕಡ್ಡಿ. ಮೂರರ ನಡುವೆ ಅಂತರ ಇಷ್ಟು ದೊಡ್ಡದಿರುವುದರಿಂದ ಒಂದೆರಡು ಕಡ್ಡಿ ಆಚೀಚೆಯಾದರೂ ತೀರ್ಮಾನ ಬದಲಾಗದು. 11 ಸುತ್ತು ಮತ್ತು 22 ಕಡ್ಡಿ ಬಂತೆಂದರೆ ಒಳಗಿರುವುದು ಎ.ಎಂ. ಎಂಬ ಮಧ್ಯಮ ಅನುಪಾತದ ಯಂತ್ರ, ಅಂದರೆ ಚಿಪ್ಪು ಒಂದರದ್ದು, ಒಳಗಿನದು ಇನ್ನೊಂದರದ್ದು. ಎಣಿಸುವಾಗ ಗೇರು ಜಾರಿದರೆ ಆ ಸಲದ ಲೆಕ್ಕ ಬಿಟ್ಟು ಮತ್ತೆ ಮಾಡಿ. ಮೂರು ಸಲ ಒಂದೇ ಉತ್ತರ ಬರಬೇಕು.

ಕಿವಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಎ.ಡಬ್ಲ್ಯು.ವನ್ನು ತುದಿ ಗೇರಿನಲ್ಲಿ ತುಳಿಯುವಾಗ ಒಂದೇ ಸಮನೆ ಟಿಕ್ ಟಿಕ್ ಸದ್ದು ಬರುತ್ತದೆ. ಕೆಳಗಿನ ಗೇರಿನ ಪಾಲ್‌ಗಳ (ಹಲ್ಲಿಗೆ ಒಂದೇ ದಿಕ್ಕಿನಲ್ಲಿ ಕಚ್ಚುವ ಸಣ್ಣ ನಾಲಿಗೆಗಳು) ಮೇಲೆ ಚಿಪ್ಪಿನ ಹಲ್ಲುಗಳು ಹಾದುಹೋಗುವ ಸದ್ದು ಅದು. ಎಸ್.ಡಬ್ಲ್ಯು.ದಲ್ಲಿ ಆ ಸದ್ದಿಲ್ಲ, ಏಕೆಂದರೆ ಅದರ ಅರ್ಧಚಂದ್ರಾಕಾರದ ಪಾಲ್‌ಗಳಿಗೆ ಸ್ಪ್ರಿಂಗೇ ಇಲ್ಲ. ಆದರೆ ಗೋಂದಿನಂತಾದ ಹಳೆಯ ಎಣ್ಣೆ ಎ.ಡಬ್ಲ್ಯು.ವನ್ನೂ ಮೂಗನನ್ನಾಗಿಸುತ್ತದೆ, ಹಾಗಾಗಿ ಸದ್ದಿಲ್ಲ ಎಂಬುದೊಂದನ್ನೇ ನೆಚ್ಚಬೇಡಿ.

ಎಣಿಕೆ ಎಸ್.ಡಬ್ಲ್ಯು. ಎಂದರೆ

ನಿಮ್ಮ ತಾರೀಖು ಅಕ್ಟೋಬರ್ 1957 ಆದ್ದರಿಂದ ಈ ಸಾಧ್ಯತೆ ಸಣ್ಣದಲ್ಲ. ಭಾಗ ಕಡಿಮೆ, ತಯಾರಿಕೆ ಅಗ್ಗ ಎಂಬ ಉದ್ದೇಶದಿಂದ ಮಾಡಿದ ಈ ವಿನ್ಯಾಸ ಜಾರುವುದಕ್ಕೇ ಹೆಸರಾಯಿತು. ಸ್ಪ್ರಿಂಗ್ ಇಲ್ಲದ ಪಾಲ್ ತನ್ನಷ್ಟಕ್ಕೇ ಸರಿದು ಹಲ್ಲಿಗೆ ಕಚ್ಚಿಕೊಳ್ಳಬೇಕು. ಎಣ್ಣೆ ದಪ್ಪವಾದರೆ ಅಥವಾ ಪಾಲ್‌ನ ಅಂಚು ಸ್ವಲ್ಪ ಸವೆದರೆ ಅದು ಸಮಯಕ್ಕೆ ಏಳುವುದಿಲ್ಲ, ಪೆಡಲ್ ಧಡಕ್ಕನೆ ಮುಂದಕ್ಕೆ ಬೀಳುತ್ತದೆ. ಆದ್ದರಿಂದ ಎಸ್.ಡಬ್ಲ್ಯು. ಜಾರಿದರೆ ಮೊದಲ ಮದ್ದು ತೊಳೆದು ತೆಳು ಎಣ್ಣೆ ಹಾಕುವುದು, ಭಾಗ ಬದಲಿಸುವುದು ಅಲ್ಲ. ಗ್ರೀಸ್ ಅಂತೂ ಪಾಲ್‌ಗಳ ಹತ್ತಿರ ಸುಳಿಯಲೇಬಾರದು.

ತೊಳೆದ ಮೇಲೂ ಜಾರಿದರೆ ಅದರ ಮೇಲೆ ಹಣ ಸುರಿಯಬೇಡಿ. ಎಸ್.ಡಬ್ಲ್ಯು.ದ ಪಾಲ್, ಕ್ಲಚ್, ಪ್ಲಾನೆಟ್ ಕೇಜ್ (ಒಳಗಿನ ಸಣ್ಣ ಗೇರುಗಳನ್ನು ಹಿಡಿದಿಡುವ ಚೌಕಟ್ಟು) ಯಾವುದೂ ಎ.ಡಬ್ಲ್ಯು.ಗೆ ಹೊಂದುವುದಿಲ್ಲ, ಅದರದ್ದು ಇದಕ್ಕೂ ಇಲ್ಲ. ಎ.ಡಬ್ಲ್ಯು. ಒಳಭಾಗವನ್ನು ಎಸ್.ಡಬ್ಲ್ಯು. ಚಿಪ್ಪಿನಲ್ಲಿ ಕೂರಿಸಲೂ ಆಗದು. ದಾರಿ ಒಂದೇ: 40 ತೂತಿನ ಇಡೀ ಎ.ಡಬ್ಲ್ಯು. ಹಬ್ ತಂದು ಚಕ್ರವನ್ನು ಮತ್ತೆ ಕಟ್ಟುವುದು. ಕೊಳ್ಳುವ ಮುಂಚೆ ಎರಡೂ ಹಬ್‌ಗಳಲ್ಲಿ ಕಡ್ಡಿ ತೂತುಗಳ ವೃತ್ತದ ವ್ಯಾಸ ಮತ್ತು ಎರಡು ಫ್ಲ್ಯಾಂಜ್‌ಗಳ (ಕಡ್ಡಿ ತೂತುಗಳಿರುವ ಅಂಚುಬಳೆಗಳ) ನಡುವಿನ ದೂರ ಅಳೆಯಿರಿ. ಎರಡೂ ಹೊಂದಿದರೆ ಈಗಿರುವ ಕಡ್ಡಿಗಳನ್ನೇ ಬಳಸಬಹುದು. 36 ತೂತಿನ ಹಬ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ರಿಮ್ ಕೂಡ ಬದಲಿಸಬೇಕಾಗುತ್ತದೆ.

ಎಫ್.ಡಬ್ಲ್ಯು. ಎಂದರೆ

ಅದು ಒಳ್ಳೆಯ ಯಂತ್ರ, ಆದರೆ ಬಿಡಿಭಾಗ ಹುಡುಕಲು ತಾಳ್ಮೆ ಬೇಕು. ಅದರಲ್ಲಿ ನಡುವೆ ಆಕ್ಸಲ್ ಮೇಲೆ ಕೂರುವ ಸನ್ ಗೇರುಗಳು ಎರಡಿವೆ, ಅವುಗಳ ಸುತ್ತ ತಿರುಗುವ ಪ್ಲಾನೆಟ್ ಗೇರುಗಳು ಮೆಟ್ಟಿಲಿನಂತೆ ಎರಡು ಗಾತ್ರದವು. ಆಕ್ಸಲ್, ಗೇರ್ ಚೈನು, ಲಿವರ್ ಮೂರೂ ನಾಲ್ಕು ಗೇರಿಗೇ ಮಾಡಿದವಾಗಿರಬೇಕು. ಮೂರು ಗೇರಿನ ಲಿವರ್ ಹಾಕಿದರೆ ಕೆಡುವುದೇನೂ ಇಲ್ಲ, ಒಂದು ಗೇರು ಕೈಗೆ ಸಿಗುವುದಿಲ್ಲ ಅಷ್ಟೆ. ಇದರ ಅನುಪಾತಗಳು ಕೆಳಗಿನಿಂದ 66.7, 78.9, 100 ಮತ್ತು 126.6 ಶೇಕಡ. ಭಾಗ ಸಿಗದೆ ಬೇಸತ್ತರೆ ಅದೇ ಚಿಪ್ಪಿನಲ್ಲಿ ಎ.ಡಬ್ಲ್ಯು. ಒಳಭಾಗ ಕೂರಿಸಿ ಮೂರು ಗೇರಿಗೆ ಇಳಿಯಬಹುದು, ಕಡ್ಡಿ ಬಿಚ್ಚುವ ಕೆಲಸವಿಲ್ಲ.

ಎ.ಡಬ್ಲ್ಯು. ಎಂದರೆ

ಆಗ ನೆಮ್ಮದಿ. ಮುಂದಿನದೆಲ್ಲ ಎ.ಡಬ್ಲ್ಯು.ಗಾಗಿ.

ಬಿಚ್ಚುವುದಕ್ಕೂ ಮುಂಚೆ, ಚಿಪ್ಪಿನ ಎಣ್ಣೆ ತೂತಿನಲ್ಲಿ ಒಂದೆರಡು ಚಮಚ ಸೀಮೆಎಣ್ಣೆ ಬಿಟ್ಟು, ಚಕ್ರವನ್ನು ಮಲಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸ್ಪ್ರಾಕೆಟ್ಟನ್ನು ಹಿಂದೆ ಮುಂದೆ ಆಡಿಸಿ. ಹೊರಬರುವ ಕಪ್ಪು ನೀರನ್ನು ಇಳಿಯಲು ಬಿಟ್ಟು, ಸಾಧಾರಣ ದಪ್ಪದ ಯಂತ್ರದೆಣ್ಣೆ, ಎಸ್.ಎ.ಇ. 20ರ ಆಸುಪಾಸಿನದು, ಒಂದು ಚಮಚದಷ್ಟು ಹಾಕಿ. ಅಡುಗೆ ಎಣ್ಣೆ ಬೇಡವೇ ಬೇಡ, ಅದು ಒಣಗಿ ಮೇಣವಾಗುತ್ತದೆ. ಜಾರುವಿಕೆ ಇಷ್ಟಕ್ಕೇ ನಿಂತರೆ ಆಶ್ಚರ್ಯಪಡಬೇಡಿ. ಕ್ಲಚ್ ಸ್ಪ್ರಿಂಗ್ ಸರಿಯಾಗಿದ್ದರೂ ಗಟ್ಟಿಯಾದ ಎಣ್ಣೆ ಕ್ಲಚ್ಚನ್ನು ಅರ್ಧ ದಾರಿಯಲ್ಲೇ ಹಿಡಿದಿಟ್ಟಿರುತ್ತದೆ.

ನಿಲ್ಲದಿದ್ದರೆ ಬಿಚ್ಚಲೇಬೇಕು. ಮುರಿದ ತುಂಡಿಗಾಗಿ ಹೇಗೂ ಬಿಚ್ಚಬೇಕಾಗಬಹುದು. ಆಕ್ಸಲ್ ಒಳಕ್ಕೆ ಹೋಗುವುದು ಒಂದು ಸಣ್ಣ ಕಡ್ಡಿ, ಅದರ ತುದಿಗೆ ಚೈನು. ಕಡ್ಡಿಯ ಇನ್ನೊಂದು ತುದಿ ಆಕ್ಸಲ್‌ನ ಸೀಳಿನಲ್ಲಿ ಅಡ್ಡಲಾಗಿ ಕೂತ ‘ಕೀ’ ಎಂಬ ತುಂಡಿಗೆ ತಿರುಪಿನಂತೆ ಸೇರುತ್ತದೆ. ಚೈನಿನ ಕೊಂಡಿ ಮಾತ್ರ ತುಂಡಾಗಿದ್ದು ಕಡ್ಡಿಯ ತಲೆ ಕಾಣುತ್ತಿದ್ದರೆ ಚೂಪು ಮೂತಿಯ ಇಕ್ಕಳದಿಂದ ಎಡಕ್ಕೆ ತಿರುಗಿಸಿ ಹೊರತೆಗೆಯಬಹುದು. ಥ್ರೆಡ್ ಇರುವ ತುದಿಯೇ ಕೀ ಒಳಗೆ ಮುರಿದಿದ್ದರೆ ಹೊರಗಿನಿಂದ ಮಾಡುವಂಥದ್ದು ಏನೂ ಇಲ್ಲ. ಹಬ್ ಬಿಚ್ಚಿ ಕಡ್ಡಿ ಮತ್ತು ಕೀ ಎರಡನ್ನೂ ಹೊಸದು ಹಾಕಿ. ಹಳೆಯ ಕೀಗೆ ಹೊಸ ಕಡ್ಡಿ ಹಾಕಿ ಉಳಿತಾಯ ಮಾಡುವವರು ಸವೆದ ಥ್ರೆಡ್‌ನಿಂದ ಹೊಸ ಕಡ್ಡಿಯನ್ನೂ ಬೇಗ ಕಳೆದುಕೊಳ್ಳುತ್ತಾರೆ.

ಬಿಚ್ಚುವ ಕ್ರಮ ಹೀಗೆ. ಚಕ್ರ ಹೊರತೆಗೆದು ಸ್ಪ್ರಾಕೆಟ್ ಬಿಚ್ಚಿ. 1950ರ ದಶಕದ ಆರಂಭದಿಂದ ಬಂದ ಡ್ರೈವರ್‌ಗಳಲ್ಲಿ (ಸ್ಪ್ರಾಕೆಟ್ ಕೂರುವ ಹಬ್‌ನ ಭಾಗ) ಸ್ಪ್ರಾಕೆಟ್‌ನ ಒಳಗೆ ಮೂರು ಮೂಗುಗಳಿದ್ದು, ಒಂದು ತಂತಿಯಂಥ ಸರ್ಕ್ಲಿಪ್ ಅದನ್ನು ಹಿಡಿದಿಡುತ್ತದೆ. ಸಣ್ಣ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದರೆ ಸಾಕು, ಕ್ಲಿಪ್ ಹಾರುತ್ತದೆ, ಕಣ್ಣು ಜೋಪಾನ. ಅದಕ್ಕೂ ಹಳೆಯ ಡ್ರೈವರ್‌ನಲ್ಲಿ ಸ್ಪ್ರಾಕೆಟ್ ಥ್ರೆಡ್ ಮೇಲೆ ಕೂತಿರುತ್ತದೆ. ಎರಡು ಬಗೆಯ ಡ್ರೈವರ್‌ಗಳೂ ಎ.ಡಬ್ಲ್ಯು.ದಲ್ಲಿ ಕೂರುವುದರಿಂದ, ಹಲ್ಲಿನ ಸಂಖ್ಯೆ ಬದಲಿಸುವ ಆಸೆಯಿದ್ದರೆ ಮೂರು ಮೂಗಿನ ಡ್ರೈವರ್ ಹಾಕಿಕೊಳ್ಳುವುದು ಜಾಣತನ.

ಆಮೇಲೆ ಎಡಗಡೆಯ ಲಾಕ್ ನಟ್, ವಾಷರ್, ಕೋನ್ (ಗೋಲಿಗಳನ್ನು ಒತ್ತಿ ಹಿಡಿಯುವ ಶಂಕುವಿನಾಕಾರದ ನಟ್) ತೆಗೆಯಿರಿ. ಬಲಗಡೆಯ ಕೋನ್ ಮುಟ್ಟಬೇಡಿ. ಸ್ಪ್ರಾಕೆಟ್ ಹಿಂದೆ ಚಿಪ್ಪಿನ ಬಾಯಿಯಲ್ಲಿ ಕಚ್ಚುಗಳಿರುವ ದೊಡ್ಡ ಬಳೆ ಕಾಣುತ್ತದೆ, ಅದೇ ಬಾಲ್ ರಿಂಗ್. ಅದರ ಮೇಲೂ ಚಿಪ್ಪಿನ ಮೇಲೂ ಎದುರುಬದುರು ಗುರುತು ಹಾಕದೆ ಬಿಚ್ಚಬೇಡಿ. ಆ ಥ್ರೆಡ್‌ಗೆ ಎರಡು ಆರಂಭಗಳಿವೆ. ಹಾಕುವಾಗ ಇನ್ನೊಂದು ಆರಂಭದಿಂದ ಹಿಡಿದರೂ ರಿಂಗ್ ಕೂರುತ್ತದೆ, ಆದರೆ ಕೂರುವ ಜಾಗ ತುಸು ಬದಲಾಗಿ ನೇರವಾಗಿದ್ದ ಚಕ್ರ ಸಣ್ಣಗೆ ಓಲಾಡುವುದುಂಟು. ಕಾರಣ ತಿಳಿಯದೆ ಕಡ್ಡಿ ಬಿಗಿಮಾಡುತ್ತ ಕೂರುವ ಕೆಲಸ ಶುರುವಾಗುತ್ತದೆ. ಕಚ್ಚಿಗೆ ಮೊಂಡು ಪಂಚ್ ಇಟ್ಟು, ಬಲಗಡೆಯಿಂದ ನೋಡಿದಾಗ ಎಡಕ್ಕೆ ತಿರುಗುವಂತೆ ಸುತ್ತಿಗೆಯಿಂದ ಹೊಡೆಯಿರಿ. ವರ್ಷಗಟ್ಟಲೆ ತುಳಿತ ಅದನ್ನು ಬಿಗಿ ಮಾಡುತ್ತಲೇ ಬಂದಿದೆ, ಹಿಂದಿನ ದಿನವೇ ಎಣ್ಣೆ ಬಿಟ್ಟಿರಬೇಕು. ಚೂಪು ಉಳಿ ಬೇಡ, ಕಚ್ಚು ಕಿತ್ತುಹೋದರೆ ಮುಂದಿನ ಹೊಡೆತಕ್ಕೆ ಹಿಡಿತವೇ ಇರುವುದಿಲ್ಲ. ಸಡಿಲವಾದ ಮೇಲೆ ಇಡೀ ಯಂತ್ರಭಾಗ ಆಕ್ಸಲ್ ಸಮೇತ ಬಲಕ್ಕೆ ಜಾರಿ ಹೊರಬರುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸಿರಿ.

ಈಗ ಗುರುತಿನ ಕೊನೆಯ ಸಾಕ್ಷಿ. ಹಲ್ಲು ಎಣಿಸಿ: ಆಕ್ಸಲ್ ಮೇಲೇ ಇರುವ ಸನ್ ಗೇರಿಗೆ 20, ಸುತ್ತಲಿನ ನಾಲ್ಕು ಪ್ಲಾನೆಟ್ ಗೇರುಗಳಿಗೂ 20, ಹೊರಗಿನ ರಿಂಗ್ ಗೇರಿಗೆ 60 ಇದ್ದರೆ ಅದು ಎ.ಡಬ್ಲ್ಯು. ಮೇಲಿನ ಗೇರು 1 + 20/60, ಅಂದರೆ 1.333. ಕೆಳಗಿನದು 60/80, ಅಂದರೆ 0.75. ಚಕ್ರ ತಿರುಗಿಸಿ ಎಣಿಸಿದ ಲೆಕ್ಕ ಇಲ್ಲಿ ಹಲ್ಲಿನ ಲೆಕ್ಕಕ್ಕೆ ಕೂಡಿಬರಬೇಕು.

ಜಾರುವುದು ಯಾಕೆ, ಯಾವ ಭಾಗ ಬದಲಿಸಬೇಕು

ಒಳಗಿನ ದಾರಿ ತಿಳಿದರೆ ಕೆಟ್ಟ ಭಾಗ ತಾನೇ ಸಿಕ್ಕಿಬೀಳುತ್ತದೆ. ಎ.ಡಬ್ಲ್ಯು.ದಲ್ಲಿ ಎರಡು ಜೋಡಿ ಪಾಲ್‌ಗಳಿವೆ. ಒಂದು ಜೋಡಿ ರಿಂಗ್ ಗೇರಿನ ಮೇಲಿದ್ದು ಬಾಲ್ ರಿಂಗ್‌ನ ಹಲ್ಲಿಗೆ ಕಚ್ಚುತ್ತದೆ, ಎರಡನೆಯ ಮತ್ತು ಮೂರನೆಯ ಗೇರಿನಲ್ಲಿ ಚಕ್ರ ನೂಕುವುದು ಇದೇ. ಇನ್ನೊಂದು ಜೋಡಿ ಪ್ಲಾನೆಟ್ ಕೇಜ್‌ನ ಎಡತುದಿಯಲ್ಲಿದ್ದು ಒಂದನೆಯ ಗೇರಿನಲ್ಲಿ ಮಾತ್ರ ದುಡಿಯುತ್ತದೆ. ಶಿಲುಬೆಯಾಕಾರದ ಕ್ಲಚ್ ಮೂರನೆಯ ಗೇರಿನಲ್ಲಿ ಪ್ಲಾನೆಟ್ ಪಿನ್‌ಗಳ ತುದಿಯನ್ನು ಹಿಡಿದು ತಿರುಗಿಸುತ್ತದೆ, ಎರಡನೆಯದರಲ್ಲಿ ರಿಂಗ್ ಗೇರನ್ನು. ಒಂದನೆಯದರಲ್ಲಿ ಇನ್ನಷ್ಟು ಬಲಕ್ಕೆ ಸರಿದು ರಿಂಗ್ ಗೇರಿನ ಪಾಲ್‌ಗಳನ್ನು ಒತ್ತಿ ಮಲಗಿಸುತ್ತದೆ.

ಆದ್ದರಿಂದ ಮೂರನೆಯದರಲ್ಲಿ ಮಾತ್ರ ಜಾರಿದರೆ ಕ್ಲಚ್‌ನ ತೋಳುಗಳನ್ನು, ಪ್ಲಾನೆಟ್ ಪಿನ್‌ಗಳ ತುದಿಯನ್ನು ನೋಡಿ. ಮೂಲೆ ಚೌಕವಾಗಿರಬೇಕು. ಉಗುರು ಜಾರುವಷ್ಟು ದುಂಡಗಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಸವೆದ ಪಿನ್ ಹೊಸ ಕ್ಲಚ್ಚನ್ನೂ ತಿನ್ನುತ್ತದೆ. ಎರಡರಲ್ಲೂ ಮೂರರಲ್ಲೂ ಜಾರಿದರೆ ರಿಂಗ್ ಗೇರಿನ ಪಾಲ್, ಒಂದರಲ್ಲಿ ಮಾತ್ರ ಜಾರಿದರೆ ಕೇಜ್‌ನ ಪಾಲ್. ಸಾಮಾನ್ಯವಾಗಿ ಈ ಪತ್ತೆಗೆ ಮುಂಚೆ ಕೇಬಲ್ ಹೊಂದಿಕೆಯನ್ನು ಅನುಮಾನಿಸಬೇಕು, ಕೇಬಲ್ ಬಿಗಿಯಾದರೂ ಮೂರನೆಯದು ಜಾರುತ್ತದೆ. ನಿಮ್ಮಲ್ಲಿ ಕೇಬಲ್ಲೇ ಇಲ್ಲದ್ದರಿಂದ ಆ ಅನುಮಾನ ತಾನೇ ಬಿದ್ದುಹೋಯಿತು. ಉಳಿದದ್ದು ನಾಲ್ಕೇ: ಗಟ್ಟಿಯಾದ ಎಣ್ಣೆ, ಸೋತ ಕ್ಲಚ್ ಸ್ಪ್ರಿಂಗ್, ಸವೆದ ಕ್ಲಚ್ ಮತ್ತು ಪಿನ್, ಏಳದ ಪಾಲ್. ಮೇಲಿನ ಗೇರು ಬಿಟ್ಟರೆ ಬೇರೆಯದು ಸಿಗದಿರುವುದರಿಂದ ಕೊನೆಯ ಎರಡರಲ್ಲಿ ಯಾವುದು ಎಂದು ಓಡಿಸಿ ತಿಳಿಯುವ ಹಾಗಿಲ್ಲ, ಕಣ್ಣಿಂದಲೇ ನೋಡಬೇಕು.

ಪಾಲ್ ಸ್ಪ್ರಿಂಗ್‌ಗಳು ಕೂದಲಿನಷ್ಟು ಸಣ್ಣ. ನಾಲ್ಕು ಬೇಕು, ಎಂಟು ತರಿಸಿ. ಜೋಡಿಸುವಾಗ ಒಂದು ಹಾರಿ ಮಾಯವಾಗುವುದು ಹೆಚ್ಚುಕಡಿಮೆ ಖಚಿತ. ಗೋಲಿಗಳು ಬಾಲ್ ರಿಂಗ್‌ನಲ್ಲಿ 3/16 ಇಂಚಿನವು 24, ಡ್ರೈವರ್‌ನಲ್ಲಿ ಮತ್ತು ಎಡಗಡೆಯ ಗೋಲಿ ಹಿಡಿಯುವ ಬಳೆಯೊಳಗೆ 1/4 ಇಂಚಿನವು ಎಂಟೆಂಟು. ಹೊಳಪು ಕಳೆದುಕೊಂಡಿದ್ದರೂ ಬದಲಿಸಿ, ಇವು ಯಾವ ಸೈಕಲ್ ಅಂಗಡಿಯಲ್ಲೂ ಸಿಗುವ ಮಾಮೂಲಿ ಅಳತೆಗಳು.

ಕೊಳ್ಳುವ ಮುಂಚೆ ಅಳೆಯಬೇಕಾದವು

ಆಕ್ಸಲ್‌ನ ಪೂರ್ತಿ ಉದ್ದ. ಎ.ಡಬ್ಲ್ಯು. ಆಕ್ಸಲ್ ಸಾಮಾನ್ಯವಾಗಿ ಎರಡು ಉದ್ದದಲ್ಲಿ ಸಿಗುತ್ತದೆ: 5 3/4 ಇಂಚು (146 ಮಿ.ಮೀ.) ಮತ್ತು 6 1/4 ಇಂಚು (159 ಮಿ.ಮೀ.). ಗೇರ್ ಚೈನಿನ ಕಡ್ಡಿಯ ಉದ್ದ ಇದನ್ನೇ ಅವಲಂಬಿಸಿದೆ, ತಪ್ಪು ಕೊಳ್ಳುವಿಕೆ ಅತಿ ಹೆಚ್ಚು ಆಗುವುದೂ ಇದರಲ್ಲೇ. ಗಿಡ್ಡ ಆಕ್ಸಲ್‌ನ ಕಡ್ಡಿಯನ್ನು ಉದ್ದ ಆಕ್ಸಲ್‌ಗೆ ಹಾಕಿದರೆ ಚೈನಿನ ಕೊಂಡಿ ಆಕ್ಸಲ್ ಬಾಯಿಯೊಳಗೇ ಸಿಕ್ಕಿ ತಿಕ್ಕಾಡುತ್ತದೆ. ಸರಿಯಾದ ಉದ್ದಕ್ಕೆ ಪರೀಕ್ಷೆ ಇದು: ಲಿವರ್ ಎರಡನೇ ಗೇರಿನಲ್ಲಿರುವಾಗ, ಬಲಗಡೆಯ ನಟ್‌ನ ಕಿಂಡಿಯಲ್ಲಿ ನೋಡಿದರೆ ಕಡ್ಡಿಯ ತುದಿ ಆಕ್ಸಲ್ ತುದಿಗೆ ಸಮನಾಗಿ ಕಾಣಬೇಕು. ಕಿಂಡಿ ಇಟ್ಟಿರುವುದೇ ಅದಕ್ಕೆ.

ಆಕ್ಸಲ್‌ನ ಥ್ರೆಡ್ 13/32 ಇಂಚು (10.3 ಮಿ.ಮೀ.), ಇಂಚಿಗೆ 26 ಸುತ್ತು. ಇದು ಸ್ಟರ್ಮಿಯದೇ ವಿಶೇಷ ಅಳತೆ. 10 ಮಿ.ಮೀ. ನಟ್ ಹಿಡಿಯುವುದಿಲ್ಲ, ಒತ್ತಾಯ ಮಾಡಿದರೆ ಆಕ್ಸಲ್ ಹಾಳು. ಜರ್ಮನಿಯ ಷ್ವೈನ್‌ಫರ್ಟ್‌ನ ಫಿಕ್ಟೆಲ್ ಆ್ಯಂಡ್ ಸಾಕ್ಸ್ ಟಾರ್ಪೆಡೊ ಹಬ್‌ಗಳ 10.5 ಮಿ.ಮೀ. ನಟ್ ಇನ್ನೂ ಮೋಸದ್ದು: ಕೈಯಲ್ಲಿ ಸಲೀಸಾಗಿ ಏರುತ್ತದೆ, ಬಿಗಿ ಮಾಡುವಾಗ ಥ್ರೆಡ್ ಕಿತ್ತುಕೊಂಡು ಬರಬಹುದು. ಬಲಗಡೆಗೆ ಕಿಂಡಿಯಿರುವ ನಟ್ ಬೇಕೆಂಬುದನ್ನೂ, ಆಕ್ಸಲ್ ತಿರುಗದಂತೆ ಫ್ರೇಮಿನ ಸೀಳಿಗೆ ಕಚ್ಚುವ ಮೂಗು ವಾಷರ್‌ಗಳು ಎರಡೂ ಬದಿಗೆ ಬೇಕೆಂಬುದನ್ನೂ ಮರೆಯಬೇಡಿ.

ಹೊಸ ಹಬ್‌ಗಳ ಭಾಗಗಳ ಬಗ್ಗೆ: ಕಂಪನಿ 2000ದಲ್ಲಿ ತೈವಾನಿನ ಸನ್‌ರೇಸ್ ಕೈಗೆ ಹೋಯಿತು. ಈಗಿನ ಮೂರು ಗೇರಿನ ಹಬ್‌ನಲ್ಲಿ ಎರಡು ಮತ್ತು ಮೂರರ ನಡುವಿನ ಖಾಲಿ ಜಾಗವನ್ನು ತೆಗೆದಿದ್ದಾರೆ, ಹಾಗಾಗಿ ಕ್ಲಚ್, ಆಕ್ಸಲ್ ಮುಂತಾದ ಒಳಭಾಗಗಳನ್ನು ಬಿಡಿಬಿಡಿಯಾಗಿ ಹಳೆಯದಕ್ಕೆ ಬೆರೆಸಲಾಗದು. ಮೂರು ಮೂಗಿನ ಸ್ಪ್ರಾಕೆಟ್, ಸರ್ಕ್ಲಿಪ್, ಆಕ್ಸಲ್ ನಟ್ ಮುಂತಾದ ಹೊರಭಾಗಗಳು ಮಾತ್ರ ಹೊಂದುತ್ತವೆ. ಹಳೆಯ ಭಾಗಪಟ್ಟಿಗಳಲ್ಲಿ ಸಂಖ್ಯೆಯ ಮುಂದೆ ‘ಕೆ’, ಆಮೇಲಿನವುಗಳಲ್ಲಿ ‘ಎಚ್.ಎಸ್.ಎ.’ ಇರುತ್ತದೆ. ಒಂದೇ ಭಾಗ ಎರಡು ಹೆಸರಿನಲ್ಲಿ ಮಾರಾಟಕ್ಕಿರುವುದನ್ನು ನೋಡಿ ಗಾಬರಿಯಾಗಬೇಕಿಲ್ಲ, ಅಳತೆ ಕೇಳಿ ಹೋಲಿಸಿ. ಹಬ್‌ನ ಬದಿಯಲ್ಲಿ ಚೈನಿನ ಬದಲು ತಳ್ಳುವ ಕಡ್ಡಿ ಮತ್ತು ಅದನ್ನು ಒತ್ತುವ ಬೆಲ್ ಕ್ರ್ಯಾಂಕ್ ಇದ್ದರೆ ಅದು ಶಿಮಾನೋ ಪದ್ಧತಿ, ಈ ಪತ್ರದ ಯಾವ ಒಳಭಾಗವೂ ಅದಕ್ಕೆ ಸಲ್ಲದು.

ಲೆಕ್ಕ ಹಾಕಿದರೆ, ಕ್ಲಚ್ ಮತ್ತು ಪ್ಲಾನೆಟ್ ಪಿನ್ ಎರಡೂ ಸವೆದಿದ್ದಾಗ ಬಿಡಿ ಭಾಗಗಳಿಗಿಂತ ಇನ್ನೊಂದು ಪೂರ್ತಿ ಎ.ಡಬ್ಲ್ಯು. ಹಬ್ ಕೊಳ್ಳುವುದೇ ಮೇಲು. ತೂತುಗಳ ಸಂಖ್ಯೆ ಆಗ ಮುಖ್ಯವಲ್ಲ, ನಿಮಗೆ ಬೇಕಿರುವುದು ಒಳಭಾಗ. 36 ತೂತಿನದ್ದರ ಒಳಭಾಗ ನಿಮ್ಮ 40 ತೂತಿನ ಚಿಪ್ಪಿಗೆ ಹಾಗೇ ಇಳಿಯುತ್ತದೆ. ಮಾರುವವರಿಂದ ಕೇಳಬೇಕಾದ ಚಿತ್ರಗಳು ಮೂರು: ಚಿಪ್ಪಿನ ಮೇಲಿನ ಅಚ್ಚು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟ ಆಕ್ಸಲ್, ಬಲಗಡೆಯ ಬಾಯಿ. ಸ್ಪ್ರಾಕೆಟ್ 10 ಸುತ್ತಿಗೆ ಚಕ್ರ ಎಷ್ಟು ಸುತ್ತಿತು ಎಂದು ಅವರಿಂದಲೇ ಎಣಿಸಿ ಹೇಳಿಸಿದರೆ ಇನ್ನೂ ಒಳ್ಳೆಯದು.

ಮತ್ತೆ ಜೋಡಿಸುವಾಗ

ಯಂತ್ರಭಾಗವನ್ನು ಚಿಪ್ಪಿನೊಳಗೆ ಇಳಿಸುತ್ತ ಬಲಗಡೆಯಿಂದ ನೋಡಿದಂತೆ ಎಡಕ್ಕೆ ತಿರುಗಿಸಿ, ಕೇಜ್‌ನ ಪಾಲ್‌ಗಳು ಮಡಚಿಕೊಂಡು ಒಳಸೇರುತ್ತವೆ. ಬಾಲ್ ರಿಂಗನ್ನು ಗುರುತಿಗೆ ಗುರುತು ಸೇರಿಸಿ ಬಿಗಿಮಾಡಿ. ಬಲಗಡೆಯ ಕೋನ್ ಬಿಚ್ಚಿದ್ದರೆ ಬೆರಳಿನಿಂದ ಪೂರ್ತಿ ಬಿಗಿಮಾಡಿ, ಅರ್ಧ ಸುತ್ತು ಹಿಂದಕ್ಕೆ ಬಿಟ್ಟು ಅಲ್ಲೇ ಲಾಕ್ ಮಾಡಿ. ಅರ್ಧಕ್ಕಿಂತ ಹೆಚ್ಚು ಬಿಟ್ಟರೆ ಗೇರುಗಳ ಜಾಗ ತಪ್ಪುತ್ತದೆ. ಚಕ್ರದ ಅಲುಗಾಟವನ್ನು ಹೊಂದಿಸುವುದು ಎಡಗಡೆಯ ಕೋನ್‌ನಿಂದ ಮಾತ್ರ. ರಿಮ್ ಬಳಿ ಹಿಡಿದು ಅಲ್ಲಾಡಿಸಿದರೆ ಎಲ್ಲೋ ಒಂದಿಷ್ಟು ಆಟ ತಿಳಿಯಬೇಕು, ಪೂರ್ತಿ ಬಿಗಿಯಾದ ಹಬ್‌ನಲ್ಲಿ ಫ್ರೀವೀಲ್ ಮಾಡುವಾಗ ಪೆಡಲ್ ತಾನೇ ತಿರುಗತೊಡಗುತ್ತದೆ.

ಗೇರ್ ಚೈನಿನ ಹೊಸ ಕಡ್ಡಿಯನ್ನು ಬೆರಳಿನಿಂದ ತಳ ಮುಟ್ಟುವವರೆಗೆ ತಿರುಗಿಸಿ. ಚೈನು ಕೇಬಲ್‌ನ ದಿಕ್ಕಿಗೆ ಬರುವಷ್ಟು ಮಾತ್ರ ಹಿಂದಕ್ಕೆ ಬಿಡಿ, ಅರ್ಧ ಸುತ್ತು ಮೀರಬಾರದು. ನಿಮ್ಮ ಹಳೆಯ ಕಡ್ಡಿ ಮುರಿದದ್ದಕ್ಕೂ ಕಾರಣ ಹೆಚ್ಚಾಗಿ ಇದೇ ಇರಬೇಕು: ನಾಲ್ಕೈದು ಸುತ್ತು ಮಾತ್ರ ಹಿಡಿದ ಥ್ರೆಡ್ ಮೇಲೆ ಇಡೀ ಎಳೆತ ಬಿದ್ದಾಗ ತುದಿ ಕಿತ್ತುಬರುತ್ತದೆ. ಆಮೇಲೆ ಲಿವರನ್ನು ಎರಡಕ್ಕೆ ಇಟ್ಟು ಕಿಂಡಿಯಲ್ಲಿ ನೋಡುತ್ತ ಕೇಬಲ್ ಹೊಂದಿಸಿ. ಎರಡು ಮತ್ತು ಮೂರರ ನಡುವೆ ಪೆಡಲ್ ಖಾಲಿ ತಿರುಗುವ ಒಂದು ಜಾಗ ಈ ಹಬ್‌ನಲ್ಲಿ ಹುಟ್ಟಿನಿಂದಲೇ ಇದೆ. ಕೇಬಲ್ ತಪ್ಪಾಗಿದ್ದರೆ ನಿಂತು ತುಳಿಯುವಾಗ ಕ್ಲಚ್ ಅಲ್ಲಿಗೇ ಜಾರಿ ಸವಾರ ಹ್ಯಾಂಡಲ್ ಮೇಲೆ ಬೀಳುತ್ತಾನೆ. ಆದ್ದರಿಂದ ಮೊದಲ ಸವಾರಿಯಲ್ಲಿ ಸೀಟಿನ ಮೇಲೆ ಕೂತೇ ತುಳಿಯಿರಿ, ಒಂದಷ್ಟು ದೂರ ಹೋದ ಮೇಲೆ ಕಿಂಡಿಯನ್ನು ಮತ್ತೊಮ್ಮೆ ನೋಡಿ. ಹೊಸ ಕೇಬಲ್ ಆರಂಭದಲ್ಲಿ ಹಿಗ್ಗುತ್ತದೆ.